ಊಟೆಗುಡ್ಡಕ್ಕೆ ಬರಿಗೈಲಿ ಹೋದ ಅಂಕಮ್ಮ

ಸೇಲಂ ಕಡೆಯ ಪಾಪಿರೆಡ್ಡಿಪಟ್ಟಿ ಸೀಮೆಯಲ್ಲಿ ಅಂಕಮ್ಮನ ಬಾಯಿಗೆ ಅಂಜದವರು ಇಬ್ಬರೇ. ಒಬ್ಬಳು ಅವಳ ಅತ್ತೆ ಮಾರಕ್ಕ, ಇನ್ನೊಂದು ಊಟೆಗುಡ್ಡ. ಅತ್ತೆ ತಿರುಗಿ ಬೈಯುತ್ತಿದ್ದಳು, ಗುಡ್ಡ ಬೈಸಿಕೊಂಡೂ ಸುಮ್ಮನಿರುತ್ತಿತ್ತು. ಮಿಕ್ಕವರೆಲ್ಲ, ಬಸ್ಸಿನ ಕಂಡಕ್ಟರನೂ ಸೇರಿ, ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿದಳೆಂದರೆ ದಾರಿ ಬಿಟ್ಟು ನಿಲ್ಲುತ್ತಿದ್ದರು. ಗಂಡ ಮುನಿವೆಂಕಟಪ್ಪನನ್ನು ಯಾರಾದರೂ "ಹೆಂಗಪ್ಪಾ ಬಾಳ್ವೆ ಮಾಡ್ತೀಯ ಇವಳ ಕೂಟೆ?" ಅಂದರೆ ಆತ ಬೀಡಿ ಹಚ್ಚಿಕೊಂಡು ನಗುತ್ತಿದ್ದ, ಅಷ್ಟೇ. ಆತ ದಿನವೆಲ್ಲ ಆಡುವ ಮಾತನ್ನು ಇವಳು ಒಂದೇ ಉಸಿರಿಗೆ ಆಡಿ ಮುಗಿಸುತ್ತಿದ್ದಳು.

ಅವರದು ಗುಡ್ಡದ ಬುಡದ ಹಟ್ಟಿ. ಕುರಿ ಸಾಕಿ, ರಾಗಿ ಸಾಮೆ ಬೆಳೆದುಕೊಂಡಿದ್ದ ಕನ್ನಡದವರ ಮನೆಗಳು. ಸಂತೆಯಲ್ಲಿ ತಮಿಳು, ಮನೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಹಟ್ಟಿಯ ಬೆನ್ನಿಗೇ ಊಟೆಗುಡ್ಡ. ಅದರ ಆಚೆ ಮಗ್ಗುಲು ಏರ್ಕಾಡಿನ ಕಾಫಿ ತೋಟಗಳಿಗೆ ಸೇರಿಕೊಳ್ಳುತ್ತದೆ.

ಆ ಗುಡ್ಡದ ನೆತ್ತಿ ನೋಡಬೇಕು ನೀವು. ನೆತ್ತಿಯೆಲ್ಲ ಒಂದೇ ಬಂಡೆ, ಬಂಡೆಯ ಮೇಲೆ ರೊಟ್ಟಿಯಷ್ಟು ದಪ್ಪ ಮಣ್ಣು, ಆ ಮಣ್ಣಿಗೆ ಗಿಡ್ಡ ಹುಲ್ಲು. ಮಳೆಗಾಲ ಬಂತೆಂದರೆ ಹುಲ್ಲಿನ ನಡುವೆ ಎಳ್ಳುಕಾಳಿನಷ್ಟು ಸಣ್ಣ ನೀಲಿ ಹೂವು ಲೆಕ್ಕವಿಲ್ಲದಷ್ಟು ಏಳುತ್ತಿತ್ತು. ಆ ಮಣ್ಣು ಮಳೆನೀರನ್ನು ನೆನೆದ ಕಂಬಳಿಯಂತೆ ಹಿಡಿದುಕೊಂಡು ವರ್ಷವಿಡೀ ಒಂದಿಷ್ಟೊಂದಿಷ್ಟೇ ಬಿಡುತ್ತದೆ. ಬಂಡೆಯ ಬಿರುಕಿನಲ್ಲಿ ಅದೇ ಊಟೆಯಾಗಿ ಉಕ್ಕುತ್ತದೆ, ಕೆಳಗೆ ಹರಿದು ಹಟ್ಟಿಯ ಕುಂಟೆ ತುಂಬುತ್ತದೆ. ಹಟ್ಟಿಗೂ ಕುರಿಗೂ ಕುಡಿಯೋಕೆ ಅದೊಂದೇ ನೀರು. ಆದರೆ ಒಂದು ದನ ಒದ್ದೆಯಲ್ಲಿ ಅಲ್ಲಿ ಓಡಾಡಿದರೆ ಮುಗಿಯಿತು, ಮಣ್ಣು ಕಾಲ ಕೆಳಗೇ ಕಳಚಿ ಬರುತ್ತದೆ, ಬಂಡೆ ಬೋಳಾಗುತ್ತದೆ. ಹಾಗೆ ಬೋಳಾದ ಕಡೆ ಮತ್ತೆ ಹುಲ್ಲು ಬಂದದ್ದನ್ನು ಹಟ್ಟಿಯ ಯಾವ ಮುದುಕರೂ ಕಂಡಿರಲಿಲ್ಲ.

ಅದಕ್ಕೇ ಅವರಿಗೆ ಆ ನೆತ್ತಿಯೆಂದರೆ ಬೀಗರ ಮನೆ. ಬೀಗರ ಮನೆಯಲ್ಲಿ ಹೇಗಿರಬೇಕು? ಕರೆದಾಗ ಹೋಗಬೇಕು, ಅಡುಗೆಮನೆಗೆ ನುಗ್ಗಬಾರದು, ಉಂಡು ಕೈ ತೊಳೆದು ಮರ್ಯಾದೆಯಾಗಿ ಎದ್ದು ಬರಬೇಕು. ವರ್ಷಕ್ಕೊಮ್ಮೆ, ಮಹಾನವಮಿ ಆಸುಪಾಸಿನ ಪುರಟಾಸಿ ತಿಂಗಳ ಕೊನೆ ಸೋಮವಾರ ಹಟ್ಟಿಯೆಲ್ಲ ಮೇಲೆ ಹತ್ತುತ್ತಿತ್ತು. ಕುರಿಗಳಿಗೆ ಪ್ರವೇಶವಿಲ್ಲ. ಕೆರ ಬುಡದ ಹುಣಸೆಮರದ ಹತ್ತಿರವೇ ಬಿಡಬೇಕು. ಉಗುಳಬಾರದು, ಹುಲ್ಲು ಹೂವು ಕೀಳಬಾರದು, ಒಲೆ ಹೂಡಬಾರದು. "ಕಾಲು ಬಂಡೆ ಮೇಲೆ, ಕಣ್ಣು ಹುಲ್ಲ ಮೇಲೆ" ಅಂತ ಮಾರಕ್ಕ ಸೊಸೆಗೆ ಮದುವೆಯಾದ ವರ್ಷವೇ ಕಲಿಸಿದ್ದಳು.

ಊಟೆಯ ಪಕ್ಕ ಒಂದು ಕಲ್ಲು ಇತ್ತು, ಅದೇ ಬೀರಪ್ಪ. ಬೀರಪ್ಪನಿಗೆ ಆ ವರ್ಷ ಮೊದಲು ಕತ್ತರಿಸಿದ ಕುರಿಯ ತುಪ್ಪಟ ಒಪ್ಪಿಸಬೇಕು. ಹಿಂಜಬಾರದು, ತೊಳೆಯಬಾರದು, ಕತ್ತರಿಯಿಂದ ಬಿದ್ದದ್ದು ಬಿದ್ದ ಹಾಗೇ ಕಂಬಳಿಯಲ್ಲಿ ಗಂಟು ಕಟ್ಟಿ ಒಯ್ಯಬೇಕು. ತಪ್ಪಿದರೆ ಗಬ್ಬದ ಕುರಿಗಳು ದಿನ ತುಂಬುವ ಮೊದಲೇ ಕಂದು ಹಾಕುತ್ತವೆ ಎಂಬುದು ನಂಬಿಕೆ. ಗಂಟು ಹೊರುವ ಹಕ್ಕು ಮಾರಕ್ಕನ ಮನೆಯ ಹಿರಿಸೊಸೆಯದು. ಸಾವಿರದ ಒಂಬೈನೂರ ಅರವತ್ತೆಂಟರಲ್ಲಿ ಮಾರಕ್ಕನ ಮಂಡಿ ಕೈಕೊಟ್ಟಾಗ, ಎಲ್ಲರೆದುರು ಆ ಗಂಟನ್ನು ಎತ್ತಿ ಅಂಕಮ್ಮನ ತಲೆ ಮೇಲಿಟ್ಟಳು. ಅವತ್ತು ಅಂಕಮ್ಮನಿಗಾದ ಹೆಮ್ಮೆಗೆ ಎಣೆಯಿರಲಿಲ್ಲ. ಮದುವೆಯ ದಿನ ತಾಳಿ ಕಟ್ಟಿಸಿಕೊಳ್ಳುವಾಗಲೂ ಇಷ್ಟು ಸೆಟೆದು ನಿಂತಿರಲಿಲ್ಲ ಅಂತ ಮುನಿವೆಂಕಟಪ್ಪನೇ ಹೇಳಿದ್ದಾನೆ, ಆತ ಆಡಿದ ಅಪರೂಪದ ಮಾತುಗಳಲ್ಲಿ ಅದೂ ಒಂದು.

ಎಪ್ಪತ್ತಮೂರರ ಸುಮಾರಿಗೆ ಎಸ್ಟೇಟಿನ ಜೀಪು ದಾರಿ ಏರ್ಕಾಡ್ ಕಡೆಯಿಂದ ಗುಡ್ಡದ ಹೆಗಲ ತನಕ ಬಂತು. ಅದರ ಹಿಂದೆಯೇ ಸೇಲಂನ ಜನವೂ ಬಂತು. ರಜಾ ದಿನ ಬಂದರೆ ಟ್ರಾನ್ಸಿಸ್ಟರು, ಟಿಫಿನ್ ಕ್ಯಾರಿಯರು, ಬೂಟು, ಹೀಲ್ಡ್ ಚಪ್ಪಲಿ. ಮೊಟ್ಟೆ ಸಿಪ್ಪೆ ಊಟೆಗೆ, ಸೋಡಾ ಬಾಟ್ಲಿ ಬಂಡೆಗೆ. ಕಾಲೇಜು ಹುಡುಗರು ಒದ್ದೆ ಹುಲ್ಲಿನ ಮೇಲೆ ಓಡುವ ಪಂದ್ಯ ಕಟ್ಟಿ ಒಂದು ಚಾಪೆಯಗಲ ಮಣ್ಣು ಎಬ್ಬಿಸಿಬಿಟ್ಟರು. ಅದನ್ನು ಕಂಡ ಅಂಕಮ್ಮನಿಗೆ ತನ್ನ ಮೈ ಚರ್ಮವೇ ಸುಲಿದಷ್ಟು ಉರಿಯಿತು.

ಹಟ್ಟಿಯ ಕಾಲುದಾರಿಯೂ ಜೀಪು ದಾರಿಯೂ ನೆತ್ತಿಯ ಕೆಳಗೆ ಸೇರುವಲ್ಲಿ ಎರಡು ಬಂಡೆಗಳಿವೆ, ಬಾಗಿಲುಗಲ್ಲು ಅಂತಾರೆ. ರಜೆ ಬಂತೆಂದರೆ ಅಂಕಮ್ಮ ಮಂದೆಯನ್ನು ಗಂಡನಿಗೆ ಒಪ್ಪಿಸಿ ಹೋಗಿ ಅಲ್ಲಿ ಕೂರತೊಡಗಿದಳು.

"ನಿಲ್ಲುಂಗ! ಚೆರುಪ್ಪ ಕಳಟ್ಟುಂಗ!" ಅನ್ನುವಳು. ಚಪ್ಪಲಿ ಬಿಡದೆ ಯಾರ ಅಪ್ಪನೂ ದಾಟುವ ಹಾಗಿಲ್ಲ. ಯಾರೋ ಸೂಟಿನವರು "ಯಾರಮ್ಮ ನೀ, ಫಾರೆಸ್ಟಾ?" ಅಂದರೆ, "ಫಾರೆಸ್ಟಿನವರು ನಿಮ್ಮನ್ನ ಹಿಡುದ್ರೂ ಬುಟ್ಬುಡ್ತಾರೆ, ನಾನು ಬುಡಾಕಿಲ್ಲ" ಅಂತ ಕನ್ನಡದಲ್ಲೇ ಗದರುವಳು. ಅವರಿಗೆ ಮಾತು ತಿಳಿಯದಿದ್ದರೂ ಧಾಟಿ ತಿಳಿಯುತ್ತಿತ್ತು.

ಸೇಲಂನ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ ಪೂಂಗೊಡಿ ಎಂಬಾಕೆ ಪ್ರತಿ ವರ್ಷ ಪುರಟಾಸಿ ಪೂಜೆಯ ದಿನವೇ ರಜೆ ಹಾಕಿ ಗೆಳತಿಯರನ್ನು ಕಟ್ಟಿಕೊಂಡು ಬರುತ್ತಿದ್ದಳು. ಮೊದಲ ಸಲ ಬಂದಾಗ ಆಕೆ ಕೇಳಿದಳು, "ಇದು ಉಂಗ ಎಡಮಾ?" ನಿಮ್ಮ ಜಾಗವಾ ಅಂತ.

"ಎಂಗಡದು ಇಲ್ಲೆ," ಅಂದಳು ಅಂಕಮ್ಮ. "ನಮ್ಮದಲ್ಲ, ಅದಕ್ಕೇ ಹೇಳ್ತಿರಾದು. ನಮ್ಮದೇ ಆಗಿದ್ರೆ ಹಾಳಾಗೋಗ್ಲಿ ಅಂತ ಸುಮ್ನಿರ್ತಿದ್ದೆ. ನೀನೂ ನೆಂಟಳು, ನಾನೂ ನೆಂಟಳು. ಬಂದ ಮನೇಲಿ ನೆಟ್ಟಗಿರ್ಬೇಕಾ, ಬ್ಯಾಡ್ವಾ?"

ಪೂಂಗೊಡಿ ನಕ್ಕು ಚಪ್ಪಲಿ ಬಿಟ್ಟಳು. ಅಂದಿನಿಂದ ಆಕೆ ಚೀಲದಲ್ಲಿ ಬೇರೆಯವರ ಕಸವನ್ನೂ ಹೊತ್ತು ಇಳಿಯುವಳು, ಅಂಕಮ್ಮನಿಗೆ ಬೈಗುಳ ಸಾಲದಾದಾಗ ಒಳ್ಳೆ ತಮಿಳಿನಲ್ಲಿ ನಾಲ್ಕು ಸೇರಿಸುವಳು.

ಹೀಗೆ ಚಪ್ಪಲಿ, ಸಿಪ್ಪೆ, ಬಾಟ್ಲಿಗಳನ್ನು ಗೆದ್ದ ಅಂಕಮ್ಮನಿಗೆ ಎಪ್ಪತ್ತೈದರಲ್ಲಿ ಹೊಸ ಶತ್ರು ಕಂಡಿತು. ಊಟೆಯ ಪಕ್ಕ ಉತ್ರಾಣಿ ಗಿಡ. ಬೇಲಿಯಂಚಿನಲ್ಲಿ ಬೆಳೆದು, ಹಾದುಹೋದವರ ಪಂಚೆ ಸೀರೆಗೆಲ್ಲ ಮುಳ್ಳುಬೀಜ ಅಂಟಿಸಿ ಕಳಿಸುವ ಅದೇ ಉತ್ರಾಣಿ. ಕೆಳಗೆ ಅದು ಯಾರಿಗೂ ಹೊರೆಯಲ್ಲ. ಮೇಲೆ, ಆ ತೆಳ್ಳನೆ ಮಣ್ಣಿನಲ್ಲಿ, ಮಂಡಿಯೆತ್ತರ ಬೆಳೆದು ನೆರಳು ಹಾಕಿ ನೀಲಿ ಹೂವನ್ನು ನುಂಗಿತು. ಜೋರು ಗಾಳಿಮಳೆಗೆ ಗಿಡ ಬಿದ್ದರೆ ಬೇರಿನ ಜೊತೆ ಮಣ್ಣೂ ಮುಚ್ಚಳದಂತೆ ಎದ್ದು ಬರುತ್ತಿತ್ತು. ಮುಂದಿನ ಮಳೆಗಾಲದ ಹೊತ್ತಿಗೆ ಊಟೆಯ ಸುತ್ತ ಅದೇ ಅದು. ಕುಂಟೆಗೆ ಇಳಿಯುವ ನೀರು ಕೆಂಪಾಯಿತು.

"ಪ್ಯಾಟೆಯವರ ಸೀರೆ ಅಂಚಲ್ಲಿ ಬಂದೈತೆ ಬೀಜ!" ಅಂತ ಅಂಕಮ್ಮ ತೀರ್ಪು ಕೊಟ್ಟಳು. ಎದುರಾಡುವ ಧೈರ್ಯ ಯಾರಿಗಿತ್ತು? ಅಂದಿನಿಂದ ಬಾಗಿಲುಗಲ್ಲಿನಲ್ಲಿ ಹೊಸ ಕಾಯಿದೆ. ಗಂಡಸರು ಪ್ಯಾಂಟು ಕೊಡವಬೇಕು, ಕಾಲುಚೀಲ ತಿರುವಿ ತೋರಿಸಬೇಕು, ಹೆಂಗಸರು ನೆರಿಗೆ ಬಿಚ್ಚಿ ಬಡಿಯಬೇಕು. ಪೂಂಗೊಡಿಯನ್ನೂ ಬಿಡಲಿಲ್ಲ. ಆಕೆ ಬಂಡೆ ಮರೆಗೆ ಹೋಗಿ ಸೀರೆ ಕೊಡವಿಕೊಂಡು ಬಂದಳು, ಮುಖ ಸಪ್ಪಗಿತ್ತು.

ಅದು ಎಪ್ಪತ್ತಾರರ ಪುರಟಾಸಿ ಸೋಮವಾರ. ಅವತ್ತೇ ಅಂಕಮ್ಮ ಬೀರಪ್ಪನ ಮುಂದೆ ತುಪ್ಪಟದ ಗಂಟು ಇಳಿಸಿದ್ದಳು. ಪೂಜೆ ಮುಗಿದು ಹಟ್ಟಿಯವರು ಬಂಡೆ ಮೇಲೆ ಕೂತು ಬುತ್ತಿ ಬಿಚ್ಚಿದ್ದರು. ಅಂಕಮ್ಮ ಮಾತ್ರ ಸುಮ್ಮನೆ ಕೂರಲಾರದೆ ಉತ್ರಾಣಿ ಕೀಳಲು ಹೋದಳು. ಆಗ ಗಮನಿಸಿದಳು: ಪೇಟೆಯವರು ಓಡಾಡುವ ಕಡೆ ಅಲ್ಲೊಂದು ಇಲ್ಲೊಂದು ಗಿಡ. ಒತ್ತಾಗಿ ಎದ್ದಿದ್ದೆಲ್ಲ ಬೀರಪ್ಪನ ಕಲ್ಲಿನ ಸುತ್ತ. ಕಲ್ಲಿನ ಬುಡದ ಒಂದು ಸಸಿಯನ್ನು ಕಿತ್ತಳು. ಬೇರಿಗೆ ಮಣ್ಣಿನ ಬದಲು ಕೊಳೆತ ಕಪ್ಪು ತುಪ್ಪಟ ಸಿಕ್ಕಿಕೊಂಡು ಬಂತು, ಹೋದ ವರ್ಷ ಅವಳೇ ತಂದಿಟ್ಟದ್ದು. ಇನ್ನೊಂದು ಕಿತ್ತಳು, ಅದರಲ್ಲೂ ತುಪ್ಪಟ. ಅಂದು ತಂದ ಹೊಸ ಗಂಟು ಬಿಚ್ಚಿ ಬೆರಳಾಡಿಸಿದಳು. ಚುಚ್ಚಿತು. ಎಲ್ಲಿ ಮುಟ್ಟಿದರೂ ಉತ್ರಾಣಿ ಬೀಜ.

ಮುಂಚೆ ಕುರಿಗಳು ಗುಡ್ಡದ ಬುಡದ ಬಯಲಲ್ಲೇ ಮೇಯುತ್ತಿದ್ದವು. ಎರಡು ಮೂರು ವರ್ಷದ ಹಿಂದೆ ಫಾರೆಸ್ಟಿನವರು ಆ ಬಯಲಿಗೆ ಬೇಲಿ ಹಾಕಿದ ಮೇಲೆ ಕೆರೆ ಏರಿ, ಬಸ್ ರೋಡಿನ ಅಂಚೇ ಗತಿ, ಅಲ್ಲಿ ಆಳೆತ್ತರದ ಉತ್ರಾಣಿ. ಹಿಂಜಬಾರದು, ತೊಳೆಯಬಾರದು ಅಂತ ದೇವರ ಗಂಟನ್ನು ಯಾರೂ ಬಿಡಿಸಿ ನೋಡಿರಲಿಲ್ಲ. ಅಂದರೆ ಅವಳೇ, ಊರಿಗೆಲ್ಲ ಸೀರೆ ಕೊಡವಿಸಿದ ಅಂಕಮ್ಮನೇ, ವರ್ಷ ವರ್ಷ ಶತ್ರುವನ್ನು ತಲೆ ಮೇಲೆ ಹೊತ್ತು ತಂದು ಊಟೆಯ ಪಕ್ಕ ಇಳಿಸಿದ್ದಳು.

ಬೇರೆಯವರಾಗಿದ್ದರೆ ಗಂಟು ಮುಚ್ಚಿ ಸುಮ್ಮನಾಗುತ್ತಿದ್ದರು. ಇವಳು ಎದ್ದು ನಿಂತು ಕೂಗಿದಳು, "ಬನ್ರಿ ಇಲ್ಲಿ ಎಲ್ಲಾರೂ! ಇದು ಪ್ಯಾಟೆಯವರ ಕೆಲಸ ಅಲ್ಲ. ನಂದು!" ಪೂಂಗೊಡಿಯ ಕಡೆ ತಿರುಗಿ, "ಸೀರೆ ಬಗ್ಗೆ ಅಂದಿದ್ದನ್ನ ವಾಪಸ್ ತಗಂಡಿದ್ದೀನಿ ಕಣಮ್ಮ. ಮೊಟ್ಟೆ ಸಿಪ್ಪೆಗೆ ಬೈದಿದ್ದು ಮಾತ್ರ ಅಂಗೇ ಇರ್ಲಿ," ಅಂದಳು. ಪೂಂಗೊಡಿಯ ಸಪ್ಪೆ ಮುಖದಲ್ಲಿ ನಗು ಬಂತು.

ಆದರೆ ಅಂಕಮ್ಮ ಗಂಟನ್ನು ವಾಪಸ್ ಕಟ್ಟಲು ಬಗ್ಗಿದಾಗ ಮೈದುನ ಹನುಮಂತರಾಯಪ್ಪ ಅಡ್ಡ ಬಂದ. "ಇಟ್ಟಿದ್ದನ್ನ ದೇವರ ಮುಂದಿಂದ ಎತ್ತಾದಾ? ಉತ್ರಾಣಿ ಅಂದ್ರೆ ಪತ್ರೆ, ಗಣೇಶಂಗೆ ಏರ್ಸಾದು. ದೇವರಿಗೆ ಮುಳ್ಳಾಯ್ತದಾ ಅತ್ತಿಗೆ? ಕುರಿ ಕಂದಾಕಿದ್ರೆ ಯಾರು ಹೊಣೆ?" ಜನ ಅವನ ಹಿಂದೆ ನಿಂತರು. ಅಂಕಮ್ಮ ಹಿಡಿದ ಕಂಬಳಿ ತುದಿ ಬಿಟ್ಟಳು, ಹಿಡಿದದ್ದನ್ನು ಅವಳು ಬಿಟ್ಟದ್ದು ಜೀವನದಲ್ಲಿ ಅದೇ ಮೊದಲು. ಗಂಟು ಅಲ್ಲೇ ಉಳಿಯಿತು.

ಆ ವರ್ಷವೆಲ್ಲ ಮನೆಯಲ್ಲಿ ಅದೇ ಕದನ. "ಹಿಂಜಿ ತೊಳೆದು ಕೊಡಾನ," ಅಂದಳು ಸೊಸೆ. "ತೊಳೆದ ತುಪ್ಪಟ ಸಂತೆಗೆ, ದೇವರಿಗಲ್ಲ," ಅಂದಳು ಅತ್ತೆ. ಅತ್ತೆಯನ್ನು ಒಪ್ಪಿಸಲೆಂದೇ ಅಂಕಮ್ಮ ಒಂದು ತುಪ್ಪಟವನ್ನು ಇಡೀ ದಿನ ಹಿಂಜಿ, ಕುಂಟೆ ನೀರು ಹೊತ್ತು ತಂದು ತೊಳೆದು, ಒಣಗಿಸಿ ತಂದಳು. ಮಾರಕ್ಕ ಕಣ್ಣು ಮಂಜಾದವಳು, ಅದರಲ್ಲಿ ಬೆರಳಾಡಿಸಿ ಒಂದು ಬೀಜ ತೆಗೆದು ಸೊಸೆಯ ಅಂಗೈಗೆ ಹಾಕಿದಳು. "ಇದೊಂದು ಸಾಕಲ್ವಾ?" ಅಂದಳು. ಸಾಕು, ಅದು ಅಂಕಮ್ಮನಿಗೂ ಗೊತ್ತಿತ್ತು.

"ನಿನ್ನ ಕೈಲಾಗದಿದ್ರೆ ಹೇಳ್ಬುಡು, ಸಣ್ಣಕ್ಕ ಹೊರ್ತಾಳೆ," ಅಂತಲೂ ಅಂದಳು ಮಾರಕ್ಕ. ಸಣ್ಣಕ್ಕ ಹನುಮಂತರಾಯಪ್ಪನ ಹೆಂಡತಿ. ಅಂಕಮ್ಮನಿಗೆ ನಿಜವಾದ ಸಂಕಟ ಇಲ್ಲಿತ್ತು. ಅವಳೊಬ್ಬಳು ಬಿಟ್ಟರೆ ಹಕ್ಕು ಹೋಗುತ್ತದೆ, ತುಪ್ಪಟ ಮಾತ್ರ ಮೇಲೆ ಹೋಗುತ್ತಲೇ ಇರುತ್ತದೆ. ಹಕ್ಕೂ ಹೋಗಿ ಊಟೆಯೂ ಹೋದರೆ ಬಾಳಿ ಏನು ಬಂತು? ಹೊತ್ತರೆ ಊಟೆ ಕೊಂದ ಪಾಪ ತನ್ನ ತಲೆ ಮೇಲೆ. ಯೋಚಿಸಿ ಯೋಚಿಸಿ ಸೊರಗಿದಳು, ಆದರೆ ಊಟ ಬಿಡಲಿಲ್ಲ, ಬೈಯುವುದನ್ನೂ ಬಿಡಲಿಲ್ಲ.

ಎಪ್ಪತ್ತೇಳರ ಪುರಟಾಸಿ ಬಂತು. ಹುಣಸೆಮರದ ಬುಡದಲ್ಲಿ ಹಟ್ಟಿಯೆಲ್ಲ ಸೇರಿತು. ಅಂಕಮ್ಮ ಬರಿಗೈಲಿ ಬಂದಳು. ಹನುಮಂತರಾಯಪ್ಪ ಇದನ್ನೇ ಕಾಯುತ್ತಿದ್ದ, ಸಣ್ಣಕ್ಕನ ತಲೆ ಮೇಲೆ ಗಂಟು ಸಿದ್ಧವಾಗಿತ್ತು. ಮಾರಕ್ಕ ಕೋಲೂರಿಕೊಂಡು ಅಲ್ಲಿ ತನಕ ಬಂದು ಕಲ್ಲ ಮೇಲೆ ಕೂತಿದ್ದಳು.

ಅಂಕಮ್ಮ ಗಂಡನ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ತುರುಬು ಬಿಚ್ಚಿದಳು. ಸೊಂಟದ ಕೆಳಗೆ ಬೀಳುವ ಕೂದಲು ಅವಳದು. ಶುಕ್ರವಾರ ಶುಕ್ರವಾರ ಎಣ್ಣೆ ಹಚ್ಚಿ, ಸೀಗೆ ತಿಕ್ಕಿ ಸಾಕಿದ್ದು.

"ಕತ್ರಿ ತೆಗಿ," ಅಂದಳು.

ಮುನಿವೆಂಕಟಪ್ಪನ ಸೊಂಟದಲ್ಲಿ ಕುರಿ ಕತ್ತರಿಸುವ ಕತ್ತರಿ ಇತ್ತು. ಆತ ಅವಳನ್ನೂ ಕತ್ತರಿಯನ್ನೂ ನೋಡಿದ.

"ಮುತ್ತೈದೆ ಕಣೇ ನೀನು!" ಮಾರಕ್ಕ ಚೀರಿದಳು.

"ಪಳನೀಲಿ, ತಿರುಪತೀಲಿ ಮುತ್ತೈದೇರು ಮುಡಿ ಕೊಡಾಕಿಲ್ವಾ ಅತ್ತೆ? ನಮ್ಮ ಬೀರಪ್ಪ ಏನು ಅವರಿಗಿಂತ ಕಮ್ಮೀನಾ?" ಅಂಕಮ್ಮ ಗುಡ್ಡದ ಕಡೆ ಮುಖ ಎತ್ತಿದಳು. "ಬೀರಪ್ಪಾ, ಕುರಿ ತುಪ್ಪಟದ ಬದ್ಲು ನನ್ನ ತುಪ್ಪಟ. ಇಲ್ಲೇ, ಕೆಳಗೇ ತಗಾ. ನಿನ್ನ ಮನೆಗೆ ಕಸ ತರಾಕಿಲ್ಲ. ಕುರಿ ಕಂದಾಕಿದ್ರೆ ನನ್ನ ಮಂದೆ ಮೊದ್ಲು ಆಕ್ಲಿ, ಬೇರೆಯವರ ಕುರಿ ಮುಟ್ಬ್ಯಾಡ."

"ಪೂರ್ತಿನಾ?" ಅಂದ ಮುನಿವೆಂಕಟಪ್ಪ ಮೆಲ್ಲಗೆ.

"ಅರ್ಧ ಕತ್ತರಿಸಿ ಬುಟ್ಟಿರೋ ಕುರೀನ ಎಲ್ಲಾದ್ರೂ ಕಂಡಿದ್ದೀಯಾ?"

ಆತ ಕತ್ತರಿಸಿದ. ಕುರಿಗೆ ನೋವಾಗದಂತೆ ಹೇಗೋ ಹಾಗೇ, ಎಡಗೈಲಿ ತಲೆ ಹಿಡಿದು, ಅವಸರವಿಲ್ಲದೆ. ಕೂದಲು ರಾಶಿ ಬಿತ್ತು. ಅಂಕಮ್ಮನ ಕಣ್ಣಲ್ಲಿ ನೀರು ಇಳಿಯಿತು. "ಬೀಡಿ ಹೊಗೆ, ಆಚೆ ಬಿಸಾಕು ಅದ," ಅಂತ ಗಂಡನನ್ನು ಗದರಿದಳು. ಆತ ಬೀಡಿ ಹಚ್ಚಿರಲೇ ಇಲ್ಲ.

ಸಣ್ಣಕ್ಕ ನೋಡುತ್ತ ನೋಡುತ್ತ ತಲೆ ಮೇಲಿನ ಗಂಟನ್ನು ಇಳಿಸಿ ಮರದ ಬುಡಕ್ಕೆ ಇಟ್ಟುಬಿಟ್ಟಳು. ಹನುಮಂತರಾಯಪ್ಪ "ಏಯ್, ಎತ್ಕಾ ಅದನ್ನ!" ಅಂದ. "ನೀನೇ ಹೊತ್ಕಾ. ಅಕ್ಕ ತಲೆ ಕೊಟ್ಟವಳೆ, ಅದರ ಮೇಲೆ ನಾನೇನ ಕೊಡ್ಲಿ?" ಅಂದಳು ಸಣ್ಣಕ್ಕ. ಗಂಡಸರು ಗಂಟು ಹೊರುವ ಪದ್ಧತಿಯಿಲ್ಲ. ಮಾರಕ್ಕ ಕೈಚಾಚಿ ಸೊಸೆಯ ಬೋಳು ತಲೆ ಸವರಿದಳು, "ಓಗ್ಬನ್ನಿ, ಹೊತ್ತಾಯ್ತದೆ," ಅಂದಳು. ಅಲ್ಲಿಗೆ ಮಾತು ಮುಗಿಯಿತು.

ಮೇಲೆ, ಬಾಗಿಲುಗಲ್ಲಿನಲ್ಲಿ, ಮೊದಲು ಹಟ್ಟಿಯವರ ಕಂಬಳಿ ರುಮಾಲುಗಳನ್ನೇ ಕೊಡವಿಸಿದಳು ಅಂಕಮ್ಮ. ಪೂಂಗೊಡಿಯ ಗುಂಪು ಆಗಲೇ ಬಂದು ತಾವಾಗಿಯೇ ಸೀರೆ ಕೊಡವುತ್ತಿತ್ತು. ಅಂಕಮ್ಮನ ತಲೆ ಕಂಡು ಪೂಂಗೊಡಿ ಹೌಹಾರಿದಳು. "ಏನಾಗಿಲ್ಲ ಬಾ, ಕೆಲಸ ಐತೆ," ಅಂದು ಅಂಕಮ್ಮ ಮುಂದೆ ನಡೆದಳು. ಕಲ್ಲಿನೆದುರು ಕೈ ಮುಗಿದು, "ಇಷ್ಟು ವರ್ಷ ತಂದಿದ್ದು ಸಾಕು. ಈ ಸಲ ತಗಂಡೋಗಾಕೆ ಬಂದಿದ್ದೀವಿ," ಅಂದಳು.

ಆಮೇಲೆ ಎಲ್ಲರಿಗೂ ಕೀಳುವುದನ್ನು ತೋರಿಸಿದಳು. ಒಂದು ಅಂಗೈ ಮಣ್ಣಿನ ಮೇಲೆ ಒತ್ತಿ ಹಿಡಿಯಬೇಕು, ಇನ್ನೊಂದರಲ್ಲಿ ಗಿಡವನ್ನು ಮೆಲ್ಲಗೆ ಎಳೆಯಬೇಕು. ಜಗ್ಗಿದರೆ ಮಣ್ಣೇ ಎದ್ದು ಬರುತ್ತದೆ. ಬಂಡೆಯ ಮೇಲೆ ಸಾಲಾಗಿ ಬೋರಲು ಮಲಗಿ, ಹಟ್ಟಿಯವರೂ ಸೇಲಂನವರೂ ಕೈ ಚಾಚಿ ಚಾಚಿ ಕಿತ್ತರು. ಬೀಜ ಉದುರದಂತೆ ಕಂಬಳಿಯಲ್ಲಿ ಕಟ್ಟಿ, ಸಂಜೆಯೊಳಗೆ ಕೆಳಗೆ ತಂದು ಸುಟ್ಟರು. ಹನುಮಂತರಾಯಪ್ಪ ಗೊಣಗುತ್ತಲೇ ದೊಡ್ಡ ಹೊರೆ ಹೊತ್ತ.

ಆ ಚಳಿಗಾಲ ಕುರಿ ಈಯುವ ತನಕ ಹಟ್ಟಿ ಅಂಕಮ್ಮನ ಮಂದೆಯನ್ನೇ ನೋಡುತ್ತಿತ್ತು. ಅವಳೂ ಹೆದರಿದ್ದಳು, ಸುಳ್ಳು ಯಾಕೆ ಹೇಳಲಿ? ಬೆಳಗೆದ್ದು ಗಬ್ಬದ ಕುರಿಗಳ ಹೊಟ್ಟೆ ಮುಟ್ಟಿ ನೋಡದ ದಿನವಿಲ್ಲ. ಒಂದು ಕುರಿ ಕಂದು ಹಾಕಿತು. ಬೇರೆಯವರು ಆಡಿಕೊಳ್ಳುವ ಮೊದಲೇ ಅವಳೇ ಮನೆಮನೆಗೆ ಹೋಗಿ ಹೇಳಿದಳು, "ನಂದೊಂದು ಕಂದಾಕ್ತು. ಹೋದ ವರ್ಷ ಮೂರು ಹಾಕಿದ್ವು, ಹೋದ ವರ್ಷ ತುಪ್ಪಟ ಕೊಟ್ಟಿದ್ವಿ. ಈಗ ಏನಂತೀರ?" ಮಿಕ್ಕವು ಚೆನ್ನಾಗಿಯೇ ಈದವು.

ಮರುವರ್ಷ ಉತ್ರಾಣಿ ಮತ್ತೆ ಎದ್ದಿತ್ತು, ಅರ್ಧಕ್ಕಿಂತ ಕಡಿಮೆ. ಕುಂಟೆಯ ನೀರು ತಿಳಿಯಾಗಿತ್ತು. ಊಟೆಯ ಒಂದು ಮಗ್ಗುಲಲ್ಲಿ ನೀಲಿ ಹೂವು ಕಂಡಿದೆ ಅಂತ ಮೇಲೆ ಹೋಗಿಬಂದ ಪೇಟೆಯವರು ಸುದ್ದಿ ತಂದಿದ್ದರು. ಕಳಚಿಹೋದ ಕಡೆ ಮಾತ್ರ ಬಂಡೆ ಬೋಳಾಗಿಯೇ ಇತ್ತು, ಅದು ಹಾಗೇ ಇರುತ್ತದೆ.

ಪುರಟಾಸಿ ಸೋಮವಾರ ಹುಣಸೆಮರದ ಕೆಳಗೆ ಎಲ್ಲರೂ ಸೇರಿದಾಗ ಅಂಕಮ್ಮನ ಕೂದಲು ಇನ್ನೂ ಕಿವಿ ದಾಟಿರಲಿಲ್ಲ. ಯಾರ ಕೈಯಲ್ಲೂ ಗಂಟಿರಲಿಲ್ಲ. ಹನುಮಂತರಾಯಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಅಲ್ಲ ಅತ್ತಿಗೆ, ಬರಿಗೈಲಿ ಓಗಾದು ಸರಿಯಾ? ಈ ವರ್ಷ ಬೀರಪ್ಪಂಗೆ ಏನು ಕೊಡಾದು?"

ಅಂಕಮ್ಮ ಅವನನ್ನು ಮೇಲಿಂದ ಕೆಳಕ್ಕೆ ನೋಡಿದಳು. "ಯಾಕೆ, ನಿನ್ನ ಮೀಸೆ ಐತಲ್ಲ!"

ಹಟ್ಟಿಯೆಲ್ಲ ಗೊಳ್ಳೆಂದಿತು. ಸಣ್ಣಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಹನುಮಂತರಾಯಪ್ಪನ ಕೈ ಮೀಸೆಗೆ ಹೋಯಿತು, ಎರಡೂ ತುದಿಯನ್ನು ಒಮ್ಮೆ ತಿರುವಿದ. ಆಮೇಲೆ ಗುಡ್ಡದ ನೆತ್ತಿಯ ಕಡೆ ಒಂದು ಗಳಿಗೆ ನೋಡಿದ.

"ಮೀಸೆ ತಾನೇ? ಮತ್ತೆ ಬರ್ತೈತೆ ಬುಡು," ಅಂದು, ಅಣ್ಣನ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತು ಗಲ್ಲ ಎತ್ತಿದ.